ಗೋವಿಂದ ಪೈ ಮತ್ತು ಗ್ರೀಕ್ ಪ್ರಹಸನ

ವಿದ್ಯಾರ್ಥಿಗಳೇ, ನೀವು ಚಿಕ್ಕವರಿದ್ದಾಗ 'ಕ' ಭಾಷೆಯ ಆಟ ಆಡಿರುತ್ತೀರಿ. ಪ್ರತಿಯೊಂದು ಅಕ್ಷರದ ಮುಂದೆ ಒಂದು 'ಕ' ಸೇರಿಸಿ ಮಾತನಾಡುವ ಆಟ ಅದು. ಬಾ ಎನ್ನಲು 'ಕಬಾ', ಮನೆ ಎನ್ನಲು 'ಕಮಕನೆ'. ಯಾರದೋ ತೋಟದ ಮಾವಿನಕಾಯಿಗೆ ಹೊಂಚು ಹಾಕುವಾಗ ದೊಡ್ಡವರಿಗೆ ತಿಳಿಯಬಾರದೆಂದು ಈ ಭಾಷೆ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ಸಂಗತಿಯನ್ನು ನೀವು ಗಮನಿಸಿದ್ದೀರಾ? ಮನೆಗೆ ಎನ್ನುವುದನ್ನು 'ಕಮಕನೆಕಗೆ' ಎಂದರೂ ಕೊನೆಯ 'ಗೆ' ತನ್ನ ಕೆಲಸವನ್ನು ಬಿಟ್ಟಿಲ್ಲ. ಮಾತಿನ ಸದ್ದು ಬದಲಾಯಿತು, ವ್ಯಾಕರಣ ಕನ್ನಡದ್ದೇ ಉಳಿಯಿತು. ಆದ್ದರಿಂದಲೇ ಸ್ವಲ್ಪ ಕಿವಿಗೊಟ್ಟರೆ ದೊಡ್ಡವರಿಗೂ ಗುಟ್ಟು ತಿಳಿದುಬಿಡುತ್ತದೆ.

ಇನ್ನೊಂದು ಬಗೆಯ ಕಟ್ಟುಭಾಷೆ ಇದೆ. ಊರಿನ ಬಯಲಾಟದಲ್ಲಿ ಹಾಸ್ಯಗಾರನು ಪರದೇಶದ ಸಿಪಾಯಿಯಂತೆ ವೇಷ ಹಾಕಿ ಬರುತ್ತಾನೆ. ಅವನಿಗೆ ಆ ದೇಶದ ಭಾಷೆ ಬಾರದು. ಬಾಯಿಗೆ ಬಂದಂತೆ ಏನೇನೋ ಗಳಹುತ್ತಾನೆ, ಜನ ಬಿದ್ದು ಬಿದ್ದು ನಗುತ್ತಾರೆ. ಅಲ್ಲಿ ವ್ಯಾಕರಣವೂ ಇಲ್ಲ, ಶಬ್ದಕೋಶವೂ ಇಲ್ಲ, ಬರೀ ಸದ್ದು. ಈಗ ಯೋಚಿಸಿ. ಸಾವಿರದ ಎಂಟುನೂರು ವರ್ಷಗಳ ಹಿಂದೆ ದೂರದ ದೇಶದಲ್ಲಿ ಬರೆದ ಒಂದು ನಾಟಕದ ಹಾಳೆ ನಿಮ್ಮ ಕೈಗೆ ಸಿಕ್ಕಿತೆಂದು ಭಾವಿಸಿ. ಅದರಲ್ಲಿ ಒಬ್ಬ ರಾಜ ಯಾರಿಗೂ ಅರ್ಥವಾಗದ ಮಾತನಾಡುತ್ತಾನೆ. ಅದು ನಿಜವಾದ ಭಾಷೆಯೋ, ನಾಟಕಕಾರನು ನಗಿಸಲೆಂದು ಕಟ್ಟಿದ ಗಳಹುವಿಕೆಯೋ? ಒಂದು ವೇಳೆ ಅದು ನಮ್ಮ ಕನ್ನಡವೇ ಆಗಿದ್ದರೆ?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಒಬ್ಬರು. ಅವರನ್ನು ನೀವು ರಾಷ್ಟ್ರಕವಿಯೆಂದು ಬಲ್ಲಿರಿ. ಅವರ ಪದ್ಯಗಳನ್ನೂ ಕೆಳಗಿನ ತರಗತಿಗಳಲ್ಲಿ ಓದಿರಬಹುದು. ಕವಿಯಾದ ಅವರು ಭಾಷೆಗಳ ಹಿಂದೆ ಹೇಗೆ ಅಲೆದರು ಎಂಬುದನ್ನು ಇಲ್ಲಿ ತಿಳಿಯೋಣ.

ಗೋವಿಂದ ಪೈಗಳು 1883ನೆಯ ಇಸವಿ ಮಾರ್ಚ್ 23ರಂದು ಮಂಜೇಶ್ವರದಲ್ಲಿ ತಾಯಿಯ ತವರುಮನೆಯಲ್ಲಿ ಜನಿಸಿದರು. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮಂಜೇಶ್ವರವು ಅರಬ್ಬೀ ಸಮುದ್ರದ ಕರೆಯಲ್ಲಿರುವ ಊರು. ಆಗ ಅದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಈಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ಪೈಗಳ ಮನೆಮಾತು ಕೊಂಕಣಿ. ಬೀದಿಗೆ ಇಳಿದರೆ ತುಳು. ಶಾಲೆಯಲ್ಲಿ ಕನ್ನಡ. ಸ್ವಲ್ಪ ದಕ್ಷಿಣಕ್ಕೆ ಹೋದರೆ ಮಲಯಾಳ. ದೇವಸ್ಥಾನದಲ್ಲಿ ಸಂಸ್ಕೃತ, ಕಚೇರಿಯಲ್ಲಿ ಇಂಗ್ಲಿಷ್. ಹುಡುಗನೊಬ್ಬನು ದಿನ ಬೆಳಗಾದರೆ ನಾಲ್ಕೈದು ಭಾಷೆಗಳ ನಡುವೆ ಓಡಾಡುತ್ತಿದ್ದನು.

ಇದು ನಿಮಗೆ ಹೊಸದಾಗಿ ತೋರಲಿಕ್ಕಿಲ್ಲ. ನಮ್ಮ ರೊಳ್ಳದಲ್ಲಿಯೂ, ಅಗಳಿ, ಗುಡಿಬಂಡೆ, ಅಮರಾಪುರಗಳಲ್ಲಿಯೂ ಹಾಗೆಯೇ ಅಲ್ಲವೇ? ಮಡಕಶಿರಾ ಸೀಮೆಗೆ ಮೂರು ಕಡೆ ಕರ್ನಾಟಕದ ತುಮಕೂರು ಜಿಲ್ಲೆ. ಮನೆಯಲ್ಲಿ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು. ಸಂತೆಯಲ್ಲಿ ಎರಡೂ ಬೆರೆತಿರುತ್ತವೆ, ಜೊತೆಗೆ ಉರ್ದು, ಲಂಬಾಣಿ ಮಾತುಗಳೂ ಕಿವಿಗೆ ಬೀಳುತ್ತವೆ. ಮನೆಗೆ ಎನ್ನುವುದನ್ನು ತೆಲುಗಿನವರು 'ಇಂಟಿಕಿ' ಎನ್ನುತ್ತಾರೆ. ಕನ್ನಡದ 'ಗೆ' ಮಾಡುವ ಕೆಲಸವನ್ನು ಅಲ್ಲಿ 'ಕಿ' ಮಾಡುತ್ತದೆ ಎಂಬುದು ಯಾರೂ ಕಲಿಸದೆಯೇ ನಿಮಗೆ ಗೊತ್ತು. ಒಂದೇ ಭಾಷೆಯ ಊರಿನಲ್ಲಿ ಬೆಳೆದ ಹುಡುಗನಿಗೆ ಇದನ್ನು ಪುಸ್ತಕದಲ್ಲಿ ಓದಿ ತಿಳಿಯಬೇಕಾಗುತ್ತದೆ. ಭಾಷೆಯ ಮೈಯೊಳಗೆ ಎಲುಬಿನಂತೆ ವ್ಯಾಕರಣ ಇರುತ್ತದೆಂಬುದು ಗಡಿನಾಡಿನ ಮಕ್ಕಳಿಗೆ ಬೇಗ ಹೊಳೆಯುತ್ತದೆ. ಗೋವಿಂದ ಪೈಗಳಿಗೂ ಹಾಗೆ ಹೊಳೆದಿರಬೇಕು.

ಪೈಗಳ ಶಾಲಾ ವಿದ್ಯಾಭ್ಯಾಸ ಮಂಗಳೂರಿನಲ್ಲಿ ನಡೆಯಿತು. ಅಲ್ಲಿ ಪಂಜೆ ಮಂಗೇಶರಾಯರು ಅವರ ಗುರುಗಳಾಗಿದ್ದರು. ಮಕ್ಕಳಿಗಾಗಿ ಕಥೆ, ಪದ್ಯಗಳನ್ನು ಬರೆದು ಹೆಸರಾದ ಪಂಜೆಯವರೇ ಇವರು. ಅನಂತರ ಉನ್ನತ ವ್ಯಾಸಂಗಕ್ಕಾಗಿ ಪೈಗಳು ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಸೇರಿದರು. ಬಿ.ಎ. ಕೊನೆಯ ಪರೀಕ್ಷೆ ನಡೆಯುತ್ತಿದ್ದಾಗ ಮನೆಯಲ್ಲಿ ತಂದೆಯವರಿಗೆ ಕಷ್ಟ ಬಂದಿತು. ಪರೀಕ್ಷೆಯನ್ನು ಪೂರ್ತಿಗೊಳಿಸದೆ ಅವರು ಊರಿಗೆ ಮರಳಿದರು. ಬರೆದಿದ್ದ ಇಂಗ್ಲಿಷ್ ವಿಷಯದಲ್ಲಿ ಅವರಿಗೆ ಚಿನ್ನದ ಪದಕ ಬಂದಿತು, ಆದರೆ ಪದವಿ ಮಾತ್ರ ಬರಲಿಲ್ಲ. ತಂದೆ ತೀರಿಕೊಂಡರು. ಹಿರಿಯ ಮಗನಾದ ಗೋವಿಂದನ ಹೆಗಲಿಗೆ ಸಂಸಾರದ ಭಾರ ಬಿದ್ದಿತು. ಅವರು ಮತ್ತೆ ಕಾಲೇಜಿನ ಕಡೆಗೆ ಹೋಗಲೇ ಇಲ್ಲ.

ಪದವಿ ಇಲ್ಲದ ಈ ಪಂಡಿತರು ಮಂಜೇಶ್ವರದ ಮನೆಯಲ್ಲಿ ಕುಳಿತು ತಮಗೆ ತಾವೇ ಗುರುವಾದರು. ಪುಸ್ತಕಗಳನ್ನು ತರಿಸಿಕೊಂಡು ಒಂದೊಂದಾಗಿ ಭಾಷೆಗಳನ್ನು ಕಲಿತರು. ಸಂಸ್ಕೃತ, ಪಾಲಿ, ಪ್ರಾಕೃತ, ಬಂಗಾಳಿ, ಮರಾಠಿ, ತಮಿಳು, ತೆಲುಗು, ಪರ್ಷಿಯನ್, ಫ್ರೆಂಚ್, ಜರ್ಮನ್, ಲ್ಯಾಟಿನ್, ಗ್ರೀಕ್ - ಪಟ್ಟಿ ಇನ್ನೂ ಉದ್ದವಾಗಿದೆ. ಅವರು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಬಲ್ಲವರಾಗಿದ್ದರೆಂದು ಹೇಳುತ್ತಾರೆ. ಭಾಷೆಗಳನ್ನು ಎಣಿಸಿ ಹೆಮ್ಮೆಪಡುವುದಕ್ಕಾಗಿ ಅವರು ಕಲಿಯಲಿಲ್ಲ. ಬುದ್ಧನ ವಿಷಯ ಬೇಕಾದರೆ ಪಾಲಿಯಲ್ಲೇ ಓದಬೇಕು, ಯವನರ ವಿಷಯ ಬೇಕಾದರೆ ಗ್ರೀಕಿನಲ್ಲೇ ಓದಬೇಕು, ಬೇರೆಯವರು ಹೇಳಿದ್ದನ್ನು ನೆಚ್ಚಿ ಕೂರಬಾರದು ಎಂಬುದು ಅವರ ಪದ್ಧತಿಯಾಗಿತ್ತು.

ಕಾವ್ಯದ ವಿಷಯವನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. ಹಿಂದಿನ ಕನ್ನಡ ಪದ್ಯಗಳಲ್ಲಿ ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರವೂ ಒಂದೇ ಆಗಿರಬೇಕೆಂಬ ನಿಯಮವಿತ್ತು. ಅದನ್ನು ಆದಿಪ್ರಾಸ ಅಥವಾ ದ್ವಿತೀಯಾಕ್ಷರ ಪ್ರಾಸ ಎನ್ನುತ್ತಾರೆ. ಪ್ರಾಸಕ್ಕಾಗಿ ಬೇಡದ ಶಬ್ದಗಳನ್ನು ತುರುಕಿ ಅರ್ಥವನ್ನು ಹಿಂಸಿಸುವುದು ಪೈಗಳಿಗೆ ಸರಿದೋರಲಿಲ್ಲ. 1911ರ ಸುಮಾರಿಗೆ ಅವರು ಈ ಪ್ರಾಸವನ್ನು ಬಿಟ್ಟು ಬರೆಯತೊಡಗಿದರು. ಆಗ ಪಂಡಿತರಲ್ಲಿ ದೊಡ್ಡ ಗದ್ದಲವೇ ಎದ್ದಿತು. ಇಂದು ನೀವು ಓದುವ ಕವಿತೆಗಳಲ್ಲಿ ಬಹುಪಾಲು ಆ ಪ್ರಾಸವಿಲ್ಲದವು. 'ಗಿಳಿವಿಂಡು' ಅವರ ಹೆಸರಾಂತ ಕವನ ಸಂಗ್ರಹ. ಏಸುಕ್ರಿಸ್ತನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ', ಬುದ್ಧನ ಕೊನೆಯ ದಿನವನ್ನು ಕುರಿತು 'ವೈಶಾಖಿ' ಎಂಬ ಖಂಡಕಾವ್ಯಗಳನ್ನು ಬರೆದರು. ಏಕಲವ್ಯನ ಕಥೆಯನ್ನು 'ಹೆಬ್ಬೆರಳು' ಎಂಬ ನಾಟಕವಾಗಿಸಿದರು. ಜಪಾನಿನ 'ನೋ' ನಾಟಕಗಳನ್ನೂ ಕನ್ನಡಕ್ಕೆ ತಂದರು.

ಕವಿತೆಯಷ್ಟೇ ಆಸಕ್ತಿ ಅವರಿಗೆ ಇತಿಹಾಸದಲ್ಲಿಯೂ ಇತ್ತು. ಬುದ್ಧ, ಬಸವಣ್ಣ, ಶ್ರವಣಬೆಳಗೊಳದ ಗೊಮ್ಮಟ, ಧರ್ಮಸ್ಥಳದ ಮಂಜುನಾಥ, ತುಳುನಾಡಿನ ಆಳುಪ ಅರಸರು - ಇವರ ಕಾಲ, ಹೆಸರು, ಸ್ಥಳಗಳನ್ನು ಗೊತ್ತುಮಾಡುವುದರಲ್ಲಿ ಅವರು ವರ್ಷಗಟ್ಟಲೆ ಶ್ರಮಪಟ್ಟರು. ಊರಿನ ಹೆಸರಿನಲ್ಲಿ ಒಂದು ಅಕ್ಷರ ಏಕೆ ಹೀಗಿದೆ ಎಂದು ಹುಡುಕುತ್ತ ಹೋಗಿ ಅಲ್ಲಿಂದ ಒಂದು ರಾಜವಂಶದ ಚರಿತ್ರೆಯನ್ನೇ ತೆಗೆಯುವ ಜಾಣ್ಮೆ ಅವರಿಗಿತ್ತು. ಹೀಗಿರುವಾಗ, ಗ್ರೀಕ್ ಹಾಳೆಯೊಂದರಲ್ಲಿ ಕನ್ನಡವಿದೆಯಂತೆ ಎಂಬ ಸುದ್ದಿ ಅವರನ್ನು ಸುಮ್ಮನೆ ಬಿಟ್ಟೀತೇ?

ಆ ಹಾಳೆಯ ಕಥೆ ಸ್ವಾರಸ್ಯವಾಗಿದೆ. ಈಜಿಪ್ಟ್ ದೇಶದ ಕೈರೋ ನಗರದಿಂದ ಸುಮಾರು 160 ಕಿಲೋಮೀಟರು ದಕ್ಷಿಣಕ್ಕೆ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣವಿತ್ತು. ರೋಮನ್ನರ ಆಳ್ವಿಕೆಯಲ್ಲಿ ಅಲ್ಲಿ ಗ್ರೀಕ್ ಭಾಷೆಯನ್ನಾಡುವ ಜನರು ಬಹಳ ಮಂದಿ ವಾಸವಾಗಿದ್ದರು. ಅವರು ಓದಿ ಬಿಸಾಡಿದ ಕಾಗದಗಳೆಲ್ಲ ಊರ ಹೊರಗಿನ ತಿಪ್ಪೆಗಳಲ್ಲಿ ಸೇರಿದವು. ಕಾಗದವೆಂದರೆ ಇಂದಿನದಲ್ಲ, ನೈಲ್ ನದಿಯ ದಡದ ಪಪೈರಸ್ ಎಂಬ ಜೊಂಡಿನಿಂದ ಮಾಡಿದ್ದು. ಅಲ್ಲಿ ಮಳೆ ಬಹಳ ಕಡಿಮೆ. ಒಣ ಮರಳಿನಲ್ಲಿ ಹೂತಿದ್ದುದರಿಂದ ಅವು ಸಾವಿರಾರು ವರ್ಷ ಕೊಳೆಯದೆ ಉಳಿದವು. ಇಂಗ್ಲೆಂಡಿನ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು 1896ರ ಚಳಿಗಾಲದಿಂದ ಆ ತಿಪ್ಪೆಗಳನ್ನು ಅಗೆಯತೊಡಗಿದರು. ಸಾಲಪತ್ರ, ಮದುವೆಯ ಕರಾರು, ಮಕ್ಕಳು ಅಪ್ಪನಿಗೆ ಬರೆದ ಕಾಗದ, ಕಳೆದುಹೋದವೆಂದು ತಿಳಿದಿದ್ದ ಕಾವ್ಯಗಳು - ಏನೆಲ್ಲ ಸಿಕ್ಕಿದವು! ಅವುಗಳ ನಡುವೆ ಒಂದು ನಗೆನಾಟಕವೂ ಇತ್ತು. 1903ರಲ್ಲಿ ಅದನ್ನು 413ನೆಯ ಸಂಖ್ಯೆಯ ಪಪೈರಸ್ ಎಂದು ಅಚ್ಚು ಮಾಡಿದರು. ಅದರ ಬರವಣಿಗೆ ಕ್ರಿಸ್ತಶಕ ಎರಡನೆಯ ಶತಮಾನದ್ದೆಂದು ವಿದ್ವಾಂಸರು ಗೊತ್ತುಮಾಡಿದ್ದಾರೆ.

ನಾಟಕದ ಕಥೆ ಹೀಗಿದೆ. ಕ್ಯಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ಒಬ್ಬ ರಾಜನ ಕೈಗೆ ಸಿಕ್ಕಿಬಿದ್ದಿದ್ದಾಳೆ. ಚಂದ್ರದೇವತೆಯ ಗುಡಿಯಲ್ಲಿ ಅವಳನ್ನು ಇರಿಸಿದ್ದಾರೆ. ಅವಳ ಅಣ್ಣ ಸಂಗಡಿಗರೊಡನೆ ಹಡಗಿನಲ್ಲಿ ಬರುತ್ತಾನೆ. ಜೊತೆಗೆ ಒಬ್ಬ ವಿದೂಷಕನೂ ಇದ್ದಾನೆ. ಅವರು ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾಮದ್ಯವನ್ನು ಕುಡಿಸುತ್ತಾರೆ. ಕುಡಿತದ ಅಮಲಿನಲ್ಲಿ ರಾಜ ಕುಣಿಯುತ್ತಾನೆ. ಅವನನ್ನು ಕಟ್ಟಿಹಾಕಿ ಹುಡುಗಿಯನ್ನು ಕರೆದುಕೊಂಡು ಎಲ್ಲರೂ ಹಡಗು ಹತ್ತುತ್ತಾರೆ. ಎಲ್ಲಿ ಮದ್ದಳೆಯಂಥ ವಾದ್ಯವನ್ನು ಬಾರಿಸಬೇಕೆಂಬ ಗುರುತುಗಳನ್ನೂ ಹಾಳೆಯಲ್ಲಿ ಹಾಕಿದ್ದಾರೆ. ನಮ್ಮ ಭಾಗವತರ ಪ್ರಸಂಗದ ಪುಸ್ತಕದಂತೆಯೇ ಅದು ಆಟದವರು ಬಳಸಿದ ಪ್ರತಿ.

ರಾಜನೂ ಅವನ ಜನರೂ ನಡುನಡುವೆ ತಮ್ಮ ಭಾಷೆಯಲ್ಲಿ ಮಾತನಾಡುತ್ತಾರೆ. ಅದನ್ನು ಗ್ರೀಕ್ ಲಿಪಿಯಲ್ಲಿ ಬರೆದಿದ್ದಾರೆ, ಆದರೆ ಅದು ಗ್ರೀಕ್ ಅಲ್ಲ. ತಮ್ಮ ಭಾಷೆ ಬಾರದವರನ್ನು ಗ್ರೀಕರು 'ಬಾರ್ಬರರು' ಎಂದು ಕರೆಯುತ್ತಿದ್ದರು. ಕಿವಿಗೆ ಬರ್‌ಬರ್ ಎಂದು ಕೇಳುವ ಮಾತಿನವರು ಎಂದು ಅದರ ಭಾವ. ಹಾಗಾದರೆ ಈ ಮಾತುಗಳೂ ಬರೀ ಬರ್‌ಬರ್ ಸದ್ದೇ? ಅಚ್ಚು ಮಾಡಿದ ಇಬ್ಬರಿಗೂ ತಿಳಿಯಲಿಲ್ಲ. ಮರುವರ್ಷವೇ, 1904ರಲ್ಲಿ, ಜರ್ಮನಿಯ ಹುಲ್ಟ್ಜ್ ಎಂಬ ವಿದ್ವಾಂಸರು ಇದು ಕನ್ನಡವಾಗಿರಬಹುದೆಂದು ಬರೆದರು. ಹುಲ್ಟ್ಜ್ ಸಾಮಾನ್ಯರಲ್ಲ. ಅವರು ಬಹುಕಾಲ ಮದರಾಸು ಸರ್ಕಾರದ ಶಾಸನತಜ್ಞರಾಗಿದ್ದವರು, ಮುಂದೆ ಅಶೋಕನ ಶಾಸನಗಳನ್ನು ಸಂಪಾದಿಸಿದವರು. ಅನಂತರ, ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಇನ್ನೂ ಮುಂದೆ ಹೋಗಿ ಆ ಮಾತುಗಳನ್ನು ಬಿಡಿಸಿ ಕನ್ನಡದಲ್ಲಿ ಅರ್ಥ ಹೇಳಿದರು. ಪಾನ, ಮಧು, ಪಾತ್ರೆ, ಬೇರೆ, ಕೊಂಚ, ಎತ್ತು, ಕಟ್ಟು ಮೊದಲಾದ ಶಬ್ದಗಳು ಅವರಿಗೆ ಅಲ್ಲಿ ಕಂಡವು. ಕುಡಿತದ ದೃಶ್ಯಕ್ಕೆ ಇವು ಎಷ್ಟು ಚೆನ್ನಾಗಿ ಹೊಂದುತ್ತವೆ ನೋಡಿ.

ಈ ಸುದ್ದಿ ಕನ್ನಡಿಗರಲ್ಲಿ ಎಷ್ಟು ಸಂಭ್ರಮ ತಂದಿರಬೇಕೆಂದು ನೀವೇ ಊಹಿಸಿ. ಹಳೆಯ ಕನ್ನಡ ಬರಹವೆಂದು ನೀವು ಓದಿರುವ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಅದು ವಿದ್ವಾಂಸರ ಕಣ್ಣಿಗೆ ಬಿದ್ದದ್ದೂ 1936ರಲ್ಲಿ. ಗ್ರೀಕ್ ಪ್ರಹಸನದಲ್ಲಿರುವುದು ಕನ್ನಡವೇ ಆದರೆ ನಮ್ಮ ಭಾಷೆಯ ಮಾತು ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದೆಯೇ, ಅದೂ ಕಡಲಾಚೆಯ ದೇಶದಲ್ಲಿ, ಬರಹಕ್ಕೆ ಇಳಿದಂತಾಯಿತು.

ಆದರೆ ಸಂಭ್ರಮವೇ ಸಾಕ್ಷಿಯಾಗಲಾರದು. 1926ರಲ್ಲಿ ಲಂಡನ್ನಿನ ಬಾರ್ನೆಟ್ ಎಂಬ ವಿದ್ವಾಂಸರು ಇದು ಕನ್ನಡವೆಂಬ ವಾದವನ್ನು ಒಪ್ಪಲಿಲ್ಲ. ಅವರು ಕನ್ನಡ ಬಾರದವರಲ್ಲ, ಹಳಗನ್ನಡದ ಅನೇಕ ಶಾಸನಗಳನ್ನು ಓದಿ ಪ್ರಕಟಿಸಿದವರು. ಆದ್ದರಿಂದ ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ತೊಡಕು ಎಲ್ಲಿದೆ ಎಂಬುದನ್ನು ನಾವೇ ಪರೀಕ್ಷಿಸೋಣ.

ಮೊದಲನೆಯದಾಗಿ ಲಿಪಿಯ ತೊಡಕು. ಗ್ರೀಕ್ ಲಿಪಿಯಲ್ಲಿ ನಮ್ಮ ಟ, ಡ, ಣ, ಳ ಅಕ್ಷರಗಳಿಲ್ಲ. ಚ, ಜ ಇಲ್ಲ. ಅಕಾರದ ಹ್ರಸ್ವದೀರ್ಘಗಳ ಭೇದ ಕಾಣುವುದಿಲ್ಲ. ಮೊಬೈಲ್ ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಹಳ್ಳಿಯೂ ಹಲ್ಲಿಯೂ ಒಂದೇ ಆಗುವುದನ್ನು ನೀವು ಬಲ್ಲಿರಿ. ಹಳ್ಳಿಗೆ ಬಂದೆ ಎಂದು ಬರೆದರೆ ಓದುವವನು ಗೋಡೆಯ ಮೇಲಿನ ಹಲ್ಲಿಯನ್ನು ನೋಡಿಯಾನು! ಎರಡನೆಯದಾಗಿ, ಆ ಹಾಳೆಯಲ್ಲಿ ಶಬ್ದಗಳ ನಡುವೆ ಜಾಗ ಬಿಟ್ಟಿಲ್ಲ. ಎಲ್ಲಿ ಕತ್ತರಿಸಬೇಕೆಂಬುದು ಓದುವವನ ಇಷ್ಟ. ಕನ್ನಡದಲ್ಲಿ 'ಕಾಡಿಗೆ' ಎಂಬುದನ್ನು ಇಡಿಯಾಗಿ ಓದಿದರೆ ಕಣ್ಣಿಗೆ ಹಚ್ಚುವ ಕಪ್ಪು, ಬಿಡಿಸಿ ಓದಿದರೆ ಅಡವಿಗೆ ಎಂದರ್ಥ. ತಿಳಿದ ಭಾಷೆಯಲ್ಲಿಯೇ ಹೀಗಾದರೆ ತಿಳಿಯದ ಭಾಷೆಯ ಪಾಡೇನು? ಮನಸ್ಸಿನಲ್ಲಿ ಕನ್ನಡವನ್ನು ಇಟ್ಟುಕೊಂಡು ಕತ್ತರಿಸಿದರೆ ಕನ್ನಡ ಸಿಕ್ಕುತ್ತದೆ. ತುಳುವನ್ನು ಇಟ್ಟುಕೊಂಡು ಕತ್ತರಿಸಿದರೆ ತುಳು ಸಿಕ್ಕುತ್ತದೆ. ಇವು ತುಳು ಮಾತುಗಳೆಂದು ವಾದಿಸಿದವರೂ ಇದ್ದಾರೆ.

ಮೂರನೆಯದು ವ್ಯಾಕರಣದ ತೊಡಕು. ಇದೇ ಎಲ್ಲಕ್ಕಿಂತ ಮುಖ್ಯವಾದುದು. ಹಳೆಯ ಕಾಲದಲ್ಲಿ ಹಾಲು 'ಪಾಲ್' ಆಗಿತ್ತು, ಹೂವು 'ಪೂ' ಆಗಿತ್ತು, ಹೋಗು 'ಪೋಗು' ಆಗಿತ್ತು. ಶಬ್ದದ ಮೊದಲಿನ 'ಪ' ಹೋಗಿ 'ಹ' ಬಂದದ್ದು ಬಹುಮಟ್ಟಿಗೆ ಹತ್ತನೆಯ ಶತಮಾನದಿಂದ ಈಚೆಗೆ. ಹಾಗಿರುವಾಗ ಎರಡನೆಯ ಶತಮಾನದ ಮಾತಿನಲ್ಲಿ 'ಹಾಕು' ಎಂಬಂಥ ಶಬ್ದ ಕಂಡಿತೆಂದರೆ ಸಂಶಯಪಡಬೇಕಾಗುತ್ತದೆ. ಅಜ್ಜನ ಮದುವೆಯ ಚಿತ್ರದಲ್ಲಿ ಮೊಮ್ಮಗನ ಮೊಬೈಲ್ ಕಂಡಂತಾಯಿತು ಅದು. ಆದರೆ ಇನ್ನೊಂದು ಕಡೆಯೂ ಇದೆ. ರಾಜನ ಒಂದು ಉದ್ದನೆಯ ಮಾತಿನಲ್ಲಿ 'ಬ್ರೆತ' ಎಂಬಂಥ ಒಂದೇ ತುಣುಕು ಎರಡು ಸಲ ಬರುತ್ತದೆ, ಎರಡು ಸಲವೂ ಅದರ ಕೊನೆ ಬೇರೆಯಾಗಿದೆ. ಒಮ್ಮೆ ಇಕಾರದಲ್ಲಿ ಮುಗಿಯುತ್ತದೆ, ಇನ್ನೊಮ್ಮೆ 'ಉವೆನಿ' ಎಂಬಂತೆ ಮುಗಿಯುತ್ತದೆ. ಎತ್ತಿ, ಎತ್ತುವೆನು ಎಂದು ನಾವು ಹೇಳುವ ರೀತಿಯನ್ನು ಇದು ನೆನಪಿಗೆ ತರುತ್ತದೆ. ಗಳಹುವ ಹಾಸ್ಯಗಾರನು ಇಂಥ ಕಟ್ಟನ್ನು ಕಾಪಾಡಿಕೊಳ್ಳುವುದು ಕಷ್ಟ. ಅಷ್ಟೇ ಅಲ್ಲ, ನಾಟಕದೊಳಗೇ ಒಂದು ಸುಳಿವಿದೆ. ರಾಜ 'ಬ್ರಾಥಿಸ್' ಎಂದಾಗ ಇವರು ಏನೆನ್ನುತ್ತಿದ್ದಾರೆಂದು ವಿದೂಷಕ ಕೇಳುತ್ತಾನೆ. ಪಾಲಿಗೆ ಚೀಟಿ ಎತ್ತೋಣ ಎನ್ನುತ್ತಿದ್ದಾರೆಂದು ಇನ್ನೊಬ್ಬ ಗ್ರೀಕನು ತಿಳಿಸುತ್ತಾನೆ. ಆ ಒಂದು ಶಬ್ದಕ್ಕೆ ನಾಟಕಕಾರನೇ ಅರ್ಥ ಕೊಟ್ಟಿದ್ದಾನೆ ಎಂದಾಯಿತು.

ಈಗ ಗೋವಿಂದ ಪೈಗಳ ಕಡೆಗೆ ಬರೋಣ. ಅವರು ಈ ಮಾತುಗಳಲ್ಲಿ ಕನ್ನಡವನ್ನು ಕಂಡವರ ಪಕ್ಷದವರು. ಆದರೆ ಅವರ ಕುತೂಹಲ ಶಬ್ದಗಳಲ್ಲಿಯೇ ನಿಲ್ಲಲಿಲ್ಲ. ಇದು ಕನ್ನಡ ರಾಜನ ಮಾತಾದರೆ ಆ ರಾಜನ ಊರು ಯಾವುದು? ಗ್ರೀಕರ ಹಡಗು ಬಂದು ನಿಂತ ರೇವು ಎಲ್ಲಿದೆ? ಅವರು ಹುಟ್ಟಿ ಬೆಳೆದದ್ದು ಕಡಲತೀರದಲ್ಲಿ. ಆ ಕರಾವಳಿಯ ಅಳಿವೆಗಳ, ರೇವುಗಳ, ಹಳೆಯ ಗುಡಿಗಳ ಪರಿಚಯ ಅವರಿಗಿತ್ತು. ಆ ಕಾಲದಲ್ಲಿ ಈಜಿಪ್ಟಿನಿಂದ ಹಡಗುಗಳು ಮಳೆಗಾಲದ ಗಾಳಿಯ ಬೆನ್ನು ಹತ್ತಿ ಮೆಣಸಿಗಾಗಿ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ರೋಮಿನ ಪ್ಲಿನಿ ಎಂಬ ಪಂಡಿತನು ನಿಟ್ರಿಯಾಸ್ ಎಂಬಲ್ಲಿ ಕಡಲುಗಳ್ಳರ ಕಾಟವಿದೆಯೆಂದು ಬರೆದಿದ್ದಾನೆ. ಅದು ನೇತ್ರಾವತಿಯ ಮುಖದಲ್ಲಿರುವ ಮಂಗಳೂರಿನ ಕಡೆ ಎಂದು ಕೆಲವರ ಮತ. ಈ ಎಲ್ಲ ಸಂಗತಿಗಳ ನಡುವೆ ಪೈಗಳು ಪ್ರಹಸನದ ಸ್ಥಳವನ್ನು ಉಡುಪಿಯ ಬಳಿಯ ಉದ್ಯಾವರವೆಂದು ಗುರುತಿಸಿದರು. ಉದ್ಯಾವರವು ತುಳುನಾಡನ್ನು ಆಳಿದ ಆಳುಪರ ರಾಜಧಾನಿಯಾಗಿದ್ದ ಊರು, ಹೊಳೆ ಕಡಲನ್ನು ಸೇರುವ ಜಾಗದ ಹತ್ತಿರವಿದೆ. ಅಲ್ಲಿ ಆಳುಪರ ಹಳೆಯ ಕನ್ನಡ ಶಾಸನಗಳು ಸಿಕ್ಕಿವೆ.

ತುಳುನಾಡಿನ ಚರಿತ್ರೆ ಬರೆದ ಬಿ. ಎ. ಸಾಲೆತೊರೆಯವರು ಇದನ್ನು ಒಪ್ಪಲಿಲ್ಲ. ಮಲ್ಪೆಯ ಹತ್ತಿರದ ವಡಭಾಂಡೇಶ್ವರವೇ ಆ ಸ್ಥಳವೆಂದು ಅವರು ವಾದಿಸಿದರು. ಹಾಳೆಯಲ್ಲಿ ಬರುವ 'ಮಲ್ಪಿ' ಎಂಬಂಥ ಒಂದು ತುಣುಕು ಮಲ್ಪೆಯ ಹೆಸರಿರಬಹುದೆಂಬ ಊಹೆಯೂ ಹುಟ್ಟಿತು. ಎರಡು ಊರುಗಳ ನಡುವೆ ಇರುವುದು ಕೆಲವೇ ಮೈಲಿ. ದೂರದಿಂದ ನೋಡುವವರಿಗೆ ಇದು ಸಣ್ಣ ಜಗಳವೆನಿಸೀತು. ಆದರೆ ಅಲ್ಲಿಯ ಮರಳು, ನೀರು ತುಳಿದು ಬೆಳೆದವರಿಗೆ ಅದು ಸಣ್ಣದಲ್ಲ. ನಮ್ಮ ಅಮರಾಪುರದ ಹತ್ತಿರದ ಹೇಮಾವತಿಯೇ ನೊಳಂಬರ ರಾಜಧಾನಿ ಹೆಂಜೇರು ಎಂದು ಶಾಸನಗಳಿಂದ ತಿಳಿದಾಗ ನಮಗೆ ಎಷ್ಟು ಹೆಮ್ಮೆಯಾಗುತ್ತದೆ! ಅದು ಇನ್ನೊಂದು ಊರು ಎಂದು ಯಾರಾದರೂ ಹೇಳಿದರೆ ನಾವೂ ಸುಮ್ಮನಿರಲಾರೆವು.

ಹಾಗಾದರೆ ಗೆದ್ದವರು ಯಾರು? ಇಂದಿನ ಗ್ರೀಕ್ ವಿದ್ವಾಂಸರಲ್ಲಿ ಹಲವರು ಆ ಮಾತುಗಳನ್ನು ಕನ್ನಡವೆಂದು ಖಚಿತವಾಗಿ ಹೇಳಲು ಒಪ್ಪುವುದಿಲ್ಲ. ನಗಿಸಲೆಂದೇ ಕಟ್ಟಿದ ಮಾತುಗಳವು, ನಾವಿಕರ ಬಾಯಿಂದ ಕೇಳಿದ ನಾಲ್ಕಾರು ಭಾರತೀಯ ಶಬ್ದಗಳು ಅದರಲ್ಲಿ ಬೆರೆತಿರಬಹುದು ಎನ್ನುವವರೂ ಇದ್ದಾರೆ. ನಮ್ಮ ಕನ್ನಡದ ಪುಸ್ತಕಗಳಲ್ಲಿ ಕೆಲವೊಮ್ಮೆ ಇದನ್ನು ಸಿದ್ಧವಾದ ಸತ್ಯವೆಂಬಂತೆ ಬರೆದಿರುತ್ತಾರೆ. ಅಷ್ಟು ಧೈರ್ಯ ಮಾಡುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಒಂದು ಹಾಳೆ, ಬೆರಳೆಣಿಕೆಯ ಮಾತುಗಳು, ಅದರಲ್ಲೂ ಎಷ್ಟೋ ಹರಿದುಹೋಗಿವೆ. ಇಷ್ಟರಿಂದ ಒಂದು ಭಾಷೆಯ ವ್ಯಾಕರಣವನ್ನು ಕಟ್ಟಲಾಗದು. ಹಾಗೆಂದು ಪೈಗಳ ಶ್ರಮ ವ್ಯರ್ಥವಾಯಿ‌ತೆನ್ನುವಂತಿಲ್ಲ. ಗ್ರೀಕ್ ಬಲ್ಲವರಿಗೆ ಕನ್ನಡ ಬಾರದು, ಕನ್ನಡ ಬಲ್ಲವರಿಗೆ ಗ್ರೀಕ್ ಬಾರದು ಎಂಬಂತಿದ್ದ ಕಾಲದಲ್ಲಿ, ಯಾವ ವಿಶ್ವವಿದ್ಯಾಲಯದ ಆಸರೆಯೂ ಇಲ್ಲದೆ, ಮಂಜೇಶ್ವರದಂಥ ಊರಿನಲ್ಲಿ ಕುಳಿತು ಎರಡನ್ನೂ ಕಲಿತು ಆ ಹಾಳೆಯ ಚರ್ಚೆಗೆ ಇಳಿದವರು ಅವರು.

1949ರಲ್ಲಿ ಮದರಾಸು ಸರ್ಕಾರವು ಗೋವಿಂದ ಪೈಗಳಿಗೆ ರಾಷ್ಟ್ರಕವಿ ಬಿರುದನ್ನು ನೀಡಿತು. ಕನ್ನಡದಲ್ಲಿ ಆ ಬಿರುದನ್ನು ಪಡೆದವರಲ್ಲಿ ಅವರೇ ಮೊದಲಿಗರು. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆಮೇಲೆ ಅವರ ಬಾಳಿನ ದೊಡ್ಡ ನೋವು ಬಂದಿತು. ಭಾಷೆಗಳ ಆಧಾರದ ಮೇಲೆ ರಾಜ್ಯಗಳನ್ನು ವಿಂಗಡಿಸುವ ಕಾಲ ಅದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ರಾಯದುರ್ಗ ತಾಲ್ಲೂಕು ಅನಂತಪುರ ಜಿಲ್ಲೆಗೆ ಬಂದಿತು, ಮಡಕಶಿರಾ ಮೊದಲಿನಿಂದಲೂ ಅಲ್ಲಿಯೇ ಇತ್ತು. 2022ರಲ್ಲಿ ನಮ್ಮ ರೊಳ್ಳವು ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದನ್ನು ನೀವು ಬಲ್ಲಿರಿ. 1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಮಂಜೇಶ್ವರವೂ ಅದರೊಡನೆ ಹೋಯಿತು. ಪೈಗಳು ಮನೆ ಬಿಟ್ಟು ಕದಲಲಿಲ್ಲ, ಗಡಿಯೇ ಅವರ ಮನೆಯನ್ನು ದಾಟಿ ಉತ್ತರಕ್ಕೆ ಸರಿಯಿತು. ಕನ್ನಡದ ಮೊದಲ ರಾಷ್ಟ್ರಕವಿ ತಮ್ಮ ಕೊನೆಯ ಏಳು ವರ್ಷಗಳನ್ನು ಕೇರಳದ ಪ್ರಜೆಯಾಗಿ ಕಳೆದರು. ಕಾಸರಗೋಡು ಕನ್ನಡ ನಾಡಿಗೆ ಸೇರಲಿಲ್ಲವೆಂಬ ವ್ಯಥೆ ಅವರನ್ನು ಕಡೆಯವರೆಗೂ ಬಿಡಲಿಲ್ಲ. ಆದರೆ ಮಲಯಾಳದ ಮೇಲೆ ಅವರಿಗೆ ಹಗೆ ಇರಲಿಲ್ಲ. ಅದೂ ಅವರು ಕಲಿತ ಭಾಷೆಗಳಲ್ಲಿ ಒಂದಾಗಿತ್ತು.

1963ರ ಸೆಪ್ಟೆಂಬರ್ 6ರಂದು ಗೋವಿಂದ ಪೈಗಳು ತೀರಿಕೊಂಡರು. ಅವರ ಮನೆಯನ್ನು ಮುಂದೆ ಸ್ಮಾರಕವನ್ನಾಗಿ ಮಾಡಿ ಅವರ ಕವನ ಸಂಗ್ರಹದ ಹೆಸರನ್ನೇ ಇಟ್ಟರು. ಮಂಜೇಶ್ವರದಲ್ಲಿ ಕೇರಳ ಸರ್ಕಾರದ ಕಾಲೇಜೊಂದು ಅವರ ಹೆಸರಿನಲ್ಲಿದೆ. ಅವರು ಒಂದೊಂದಾಗಿ ಕೂಡಿಸಿಟ್ಟ ಪುಸ್ತಕಗಳು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಬಂದವು. ಆ ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಪ್ರಹಸನದ ಹಾಳೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಬೋಡ್ಲಿಯನ್ ಎಂಬ ಗ್ರಂಥಾಲಯದಲ್ಲಿದೆ. ಪುಸ್ತಕಗಳಿರುವ ಕಾಲೇಜಿನಿಂದ ಉದ್ಯಾವರದ ಹೊಳೆ ಕೆಲವೇ ಮೈಲಿ ದೂರ, ಮಲ್ಪೆಯೂ ಅಷ್ಟೇ ದೂರ.